ಜರ್ಮನಿಗೆ ಹೋದ ಮಲ್ಲಿಗೆ

ಮೊನ್ನೆ ಫ್ರಿಜ್ಜಿನ ಮೂಲೆಯಲ್ಲಿ ಮರೆತುಹೋಗಿದ್ದ ಪ್ಲಾಸ್ಟಿಕ್ ಕವರೊಂದನ್ನು ಬಿಚ್ಚಿದೆ. ಒಳಗೆ ಕಂದಿ ಕೊಳೆತ ಮಲ್ಲಿಗೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಷ್ಟು ವರ್ಷಗಳ ಮೇಲೂ ಹೊಲಿಗೆ ಟೀಚರ್ ನೆನಪಾದರು.

ತೊಂಬತ್ತರ ದಶಕದ ಕೊನೆ. ಸ್ಕೂಲಿನಿಂದ ನಿವೃತ್ತರಾದ ಮೇಲೆ ಟೀಚರ್ ಕೃಷ್ಣಮೂರ್ತಿಪುರಂನ ತಮ್ಮ ಮನೆಯ ವರಾಂಡದಲ್ಲಿ ಆರು ಮಿಷನ್ ಹಾಕಿ, ಗಂಡ ತೀರಿಕೊಂಡವರು, ಗಂಡ ಬಿಟ್ಟವರು ಎಂದು ನನ್ನಂಥ ಹದಿನಾಲ್ಕು ಹೆಂಗಸರಿಗೆ ಬಟ್ಟೆಚೀಲ ಹೊಲಿಯುವ ಕೆಲಸ ಕೊಟ್ಟಿದ್ದರು. ಬೆಂಗಳೂರಿನಾಚೆ ಕಾಲಿಡದ ಆಕೆ ಎಲ್ಲಿಂದಲೋ ವಿಳಾಸ ಹಿಡಿದು, ಜರ್ಮನಿಯ ಅಂಗಡಿಯೊಂದಕ್ಕೆ ತಾವೇ ಕಾಗದ ಬರೆದು ಆರ್ಡರ್ ತಂದುಬಿಟ್ಟರು! ನಾವು ಬಾಯಿ ಬಿಟ್ಟುಕೊಂಡು ನೋಡಿದೆವು.

ಮೊದಲ ಪೆಟ್ಟಿಗೆಗಳು ಹೊರಡುವ ಸಂಜೆ ಟೇಪ್ ಅಂಟಿಸಲು ನಾನೊಬ್ಬಳೇ ಉಳಿದಿದ್ದೆ. ಗಂಡನ ಮನೆಗೆ ಹೊರಟ ಮಗಳನ್ನು ಬರಿತಲೆಯಲ್ಲಿ ಕಳಿಸುತ್ತೇವೆಯೇ? ಯಾರಿಗೂ ಹೇಳದೆ ಪ್ರತಿ ಪೆಟ್ಟಿಗೆಯಲ್ಲೂ ಒಂದೊಂದು ತುಂಡು ಮಲ್ಲಿಗೆ ಇಟ್ಟು ಕೈಮುಗಿದೆ.

ಎರಡು ತಿಂಗಳ ಮೇಲೆ ಎಸ್‌ಟಿಡಿ ಬೂತಿಗೆ ಫ್ಯಾಕ್ಸ್ ಬಂತು. ಹಡಗಿನಲ್ಲಿ ಹೂ ಕೊಳೆತು ಚೀಲಗಳಿಗೆಲ್ಲ ಬೂಷ್ಟು ಹಿಡಿದಿತ್ತಂತೆ. ಇನ್ನೊಮ್ಮೆ ಹೀಗಾದರೆ ಆರ್ಡರ್ ಇಲ್ಲ ಎಂದು ಬರೆದಿದ್ದರು. ಹದಿನಾಲ್ಕು ಮನೆಗಳ ಅನ್ನ ಆ ಆರ್ಡರಿನಲ್ಲಿತ್ತು. ಟೀಚರ್ ಓದಿ ಹೇಳುತ್ತಿದ್ದಂತೆ ನಾನು ತಲೆ ತಗ್ಗಿಸಿ ಮಿಷನ್ನಿನ ಸೂಜಿಗೆ ದಾರ ಪೋಣಿಸತೊಡಗಿದೆ.

"ಯಾರ್ರೀ ಹೂ ಇಟ್ಟಿದ್ದು?" ಒಬ್ಬಾಕೆ ಸಿಟ್ಟಿನಿಂದ ಎದ್ದಳು.

"ನಾನೇ ಕಣಮ್ಮ," ಎಂದರು ಟೀಚರ್. "ಅವ್ರಿಗೂ ಹಾಗೇ ಬರೆದ್ಬುಟ್ಟೆ. ಅಷ್ಟೂ ಚೀಲಾನ ಹೊಸದಾಗಿ ಹೊಲ್ಕೊಡ್ತೀವಿ ಅಂದಿದೀನಿ. ಕೂತ್ಕೊಳ್ಳಿ ಎಲ್ರೂ."

ಆಮೇಲೆ ಹದಿನಾಲ್ಕು ಜನರಲ್ಲಿ ನನ್ನನ್ನೇ ಕರೆದು ಬಿಳಿ ದಾರದ ಉಂಡೆ ಕೈಗಿಟ್ಟರು. "ಪ್ರತಿ ಚೀಲದ ಮೂಲೇಲೂ ಒಂದು ಮಲ್ಲಿಗೆ ಮೊಗ್ಗು ಹಾಕು. ಇದು ಕೊಳೆಯೋಲ್ಲ."

ಅಷ್ಟೇ. ತಾವೂ ಒಂದು ಮಿಷನ್ನಿಗೆ ಕೂತರು.

ಆ ಮೊಗ್ಗನ್ನು ಅಂಗಡಿಯವರು ಎಷ್ಟು ಮೆಚ್ಚಿದರೆಂದರೆ, ಮುಂದಿನ ಆರ್ಡರಿನಲ್ಲಿ ಅದೇ ಬೇಕೆಂದು ಕೇಳಿದರು. ಎರಡು ಸಾವಿರದ ಇಸವಿಯಿಂದೀಚೆಗೆ ಶ್ರೀರಾಂಪುರದಲ್ಲಿ ದೊಡ್ಡ ಶೆಡ್ ಆಯಿತು, ನಾವು ನಲವತ್ತು ಜನರಾದೆವು. ನನ್ನ ಮನೆಯೂ ಆ ಮೊಗ್ಗಿನಿಂದಲೇ ಎದ್ದದ್ದು. ಇಂಥ ಮನುಷ್ಯರೂ ಇರುತ್ತಾರಲ್ಲ ಎಂದು ನನಗೆ ಇವತ್ತಿಗೂ ಬೆರಗು.

ನಿಜ ಹೇಳಬೇಕೆಂದು ಎಷ್ಟೋ ಸಲ ಮಾತು ಬಾಯಿವರೆಗೆ ಬಂದಿತ್ತು... ಹೇಳಲಿಲ್ಲ. ಟೀಚರ್ ಹೋಗಿ ಹತ್ತು ವರ್ಷವಾಯಿತು. ಮೊನ್ನೆ ಆ ಕವರನ್ನು ಹಿಡಿದುಕೊಂಡೇ ಅಡುಗೆಮನೆಯಲ್ಲಿ ನಿಂತು, ಜೋರಾಗಿ ಹೇಳಿಬಿಟ್ಟೆ: "ಹೂ ಇಟ್ಟಿದ್ದು ನಾನು, ಟೀಚರ್."

"ಗೊತ್ತು, ಕೂತ್ಕೋ" ಅನ್ನಲು ಅವರಿರಲಿಲ್ಲ.