ಗೋಲ್‌ಕೀಪರನಿಗೆ ಕೊಟ್ಟ ಮೆಮೊ

ಸೋಲುವ ತಂಡವೊಂದನ್ನು ವರ್ಷಗಟ್ಟಲೆ ಬೆಂಬಲಿಸುವುದರಿಂದ ಮನುಷ್ಯನ ಅಂತಃಕರಣ ಹಿರಿದಾಗುತ್ತದೆ. ನಮ್ಮ ಅಪ್ಪನ ವಿಷಯದಲ್ಲಿ ಮಾತ್ರ ಗಂಟಲು ಕೆಟ್ಟಿತು, ಅಷ್ಟೇ. ಇವತ್ತಿಗೂ ಯಾವುದೋ ಹೋಟೆಲಿನ ಮುಂದೆ ಹಾಯುವಾಗ, ಕಾದ ಹಂಚಿಗೆ ಎಣ್ಣೆಯಲ್ಲದ್ದಿದ ಅರ್ಧ ಉಳ್ಳಾಗಡ್ಡಿ ಉಜ್ಜುವ ವಾಸನೆ ಬಂದರೆ ನನಗೆ ದೋಸೆ ನೆನಪಾಗುವುದಿಲ್ಲ, ಫುಟ್‌ಬಾಲ್ ನೆನಪಾಗುತ್ತದೆ. ಅದರ ಹಿಂದೆಯೇ ನಾಶಿಕ್‌ನ ನಮ್ಮ ಬಾಡಿಗೆ ಮನೆ ಬರುತ್ತದೆ. ಕೆಳಗೆ ವಾಸುದೇವ ಮಾಮನ ಹೋಟೆಲು, ಮೇಲೆ ನಮ್ಮ ಎರಡು ಕೋಣೆ, ಬರಿಗಾಲಿಗೆ ತಣ್ಣಗೆ ತಾಗುವ ಶಹಾಬಾದಿ ಕಲ್ಲಿನ ನೆಲ, ಅಡುಗೆಮನೆಯ ಕಿಟಕಿಗೆ ಏರಿ ಬರುವ ಸಾಂಬಾರಿನ ಹಬೆ. ಆ ಕಟ್ಟಡ ಈಗಿಲ್ಲ. ನೀವೂ ಅಂಥದೊಂದು ಮನೆಯನ್ನು ಕಳೆದುಕೊಂಡವರಾಗಿದ್ದರೆ ಹೆಚ್ಚು ಹೇಳಬೇಕಾಗಿಲ್ಲ.

ಅಪ್ಪ ಧಾರವಾಡದ ಕಡೆಯವರು, ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವರು. ವಾಸುದೇವ ಮಾಮ ಕುಂದಾಪುರದವರು. ರಕ್ತಸಂಬಂಧವೇನಿಲ್ಲ, ಪರಊರಿನಲ್ಲಿ ಕನ್ನಡ ಮಾತಾಡುವವರೆಲ್ಲ ಮಕ್ಕಳಿಗೆ ಮಾಮ ಇಲ್ಲವೇ ಕಾಕಾ. ಅವರ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವನು ಸದಾನಂದ. ಮೂವತ್ತು ದಾಟಿದ, ಉದ್ದ ಕೈಗಳ, ಕಡಿಮೆ ಮಾತಿನ ಮನುಷ್ಯ. ಒಂದು ಭಾನುವಾರ ಸಂಜೆ ತರಕಾರಿಗೆಂದು ಹೊರಟ ಅಪ್ಪ, ತಪೋವನದ ಮೈದಾನದಲ್ಲಿ ಅವನು ಗಾಳಿಯಲ್ಲಿ ಅಡ್ಡಲಾಗಿ ಹಾರಿ ಚೆಂಡನ್ನು ಎದೆಗವುಚಿಕೊಂಡು ಬಿದ್ದದ್ದನ್ನು ಕಂಡರು. ಖಾಲಿ ಚೀಲ ಹಿಡಿದು ಮನೆಗೆ ಬಂದು, "ನಮ್ಮ ದೋಸಿ ಹುಯ್ಯಾಂವ ತಪೋವನ ತಂಡದ ಗೋಲ್‌ಕೀಪರ್ ಅದಾನ" ಎಂದು ಸಾರಿದರು. "ಬದನಿಕಾಯಿ ಎಲ್ಲೆವ?" ಎಂದಳು ಅವ್ವ.

ಮುಂದಿನ ವಾರವೇ ‘ತಪೋವನ ಫುಟ್‌ಬಾಲ್ ತಂಡದ ಅಭಿಮಾನಿಗಳ ಸಂಘ, ಕನ್ನಡ ವಿಭಾಗ’ ಹುಟ್ಟಿತು. ಮರಾಠಿ ವಿಭಾಗ ಇರಲಿಲ್ಲ. ಮರಾಠಿಯವರು ಯಾವ ಸಂಘವೂ ಇಲ್ಲದೆ ಬಂದು ಕೂಗಿ ಹೋಗುತ್ತಿದ್ದರು. ಆ ಅವ್ಯವಸ್ಥೆ ಅಪ್ಪನಿಗೆ ಸೇರುತ್ತಿರಲಿಲ್ಲ. ಅಪ್ಪ ಅಧ್ಯಕ್ಷರು, ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದ ಬಿಜಾಪುರದ ಕುಲಕರ್ಣಿ ಕಾಕಾ ಉಪಾಧ್ಯಕ್ಷರು, ವಾಸುದೇವ ಮಾಮ ಕಾರ್ಯದರ್ಶಿ. ಇನ್ನಿಬ್ಬರು ಅವಲಕ್ಕಿಗಾಗಿ ಬರುತ್ತಿದ್ದರು. ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಸಭೆ. ನಡಾವಳಿ ಬರೆದು ಓದಿ ಹೇಳುವವಳು ನಾನು, ಹತ್ತು ವರ್ಷದವಳು. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಹಿಂದಿ. ನನ್ನ ಕನ್ನಡ ಕಿವಿಯಲ್ಲಿ ಮಾತ್ರ ಉಳಿದಿತ್ತು. ಕೈಗೂ ಬರಲಿ ಎಂದು ಅಪ್ಪ ಈ ಕೆಲಸಕ್ಕೆ ಹಚ್ಚಿದ್ದರು. ಹೀಗಾಗಿ ನಾನು ಕನ್ನಡದಲ್ಲಿ ಬರೆದ ಮೊಟ್ಟಮೊದಲ ವಾಕ್ಯ, ‘ತಂಡವು ಮೂರು ಗೋಲುಗಳಿಂದ ಪರಾಭವಗೊಂಡಿದ್ದನ್ನು ಸಭೆಯು ದಾಖಲಿಸಿತು.’ ಆ ಹೊತ್ತಿಗೆ ಸದಾನಂದ ಕಾಫಿ ತಂದು ಬಾಗಿಲ ಬಳಿ ನಿಲ್ಲುತ್ತಿದ್ದ. ನಡಾವಳಿಯಲ್ಲಿ ತನ್ನ ಹೆಸರು ಬಂದಾಗ ತಲೆ ತಗ್ಗಿಸಿ ನಗುತ್ತಿದ್ದ. ನಾನು ತಡವರಿಸಿದರೆ, "ನಿಧಾನ ಓದು ಮಗಾ, ಗಡಿಬಿಡಿ ಎಂತ ಇಲ್ಲ" ಎನ್ನುತ್ತಿದ್ದ. ಊರು ಬಿಟ್ಟ ಮೇಲೆ ಯಾರೂ ಅವನ ಹೆಸರನ್ನು ಪುಸ್ತಕದಲ್ಲಿ ಬರೆದಿರಲಿಲ್ಲ.

ಒಂದು ವರ್ಷ ತಂಡ ಅಪ್ಪಿತಪ್ಪಿ ಗೆಲ್ಲುತ್ತ ಹೋಗಿ ಪಂದ್ಯಾವಳಿಯೊಂದರ ಸೆಮಿಫೈನಲ್ ಮುಟ್ಟಿತು. ಆಟ, ಈಗ ಛತ್ರಪತಿ ಸಂಭಾಜಿನಗರ ಎನ್ನುವ ಆಗಿನ ಔರಂಗಾಬಾದಿನಲ್ಲಿ. ಸಂಘ ಎಸ್‌ಟಿ ಬಸ್ಸಿನಲ್ಲಿ, ಯೇವಲಾ ವೈಜಾಪುರದ ಧೂಳು ಕುಡಿಯುತ್ತ ಹೊರಟಿತು. ಭಾನುವಾರದ ಗಿರಾಕಿ ಬಿಡುವಂತಿಲ್ಲವೆಂದು ವಾಸುದೇವ ಮಾಮ ಸದಾನಂದನನ್ನು ಬೆಳಗಿನ ಐದರಿಂದ ಹಂಚಿನ ಮುಂದೆ ನಿಲ್ಲಿಸಿ, ಆಮೇಲೆ ಅದೇ ಬಸ್ಸಿಗೆ ಹತ್ತಿಸಿದ್ದರು. ಆಟ ಮುಗಿಯಲು ಇನ್ನೇನು ಬಂತು ಎನ್ನುವಾಗ ಎಡಗಡೆಯಿಂದ ಒಂದು ಸಾಧಾರಣ ಚೆಂಡು ಉರುಳಿ ಬಂತು. ಸದಾನಂದ ಬಿದ್ದ, ಆದರೆ ತಡವಾಗಿ ಬಿದ್ದ. ಅದೊಂದೇ ಗೋಲು.

ಮರುದಿನದ ಸಭೆಗೆ ಸದಾನಂದ ಕಾಫಿ ತರಲಿಲ್ಲ, ಅವಲಕ್ಕಿಯೂ ಹಾಗೇ ಉಳಿಯಿತು. ಸದಾನಂದನಿಗೆ ಒಂದು ಮೆಮೊ ಕೊಡಬೇಕೆಂದು ಅಪ್ಪ ಸೂಚಿಸಿದರು. ಅವರ ಲೋಕದಲ್ಲಿ ಅದು ಕೋಪದ ಮಾತಲ್ಲ. ಒಳ್ಳೆಯ ನೌಕರ ಎಡವಿದರೆ ಮೆಮೊ, ಅವನಿಂದ ಎರಡು ಸಾಲಿನ ಉತ್ತರ, ಫೈಲು ಬಂದ್. ಹಾಗಾದರೆ ಆದದ್ದು ಕಳೆಯಿತೆಂದು ಅರ್ಥ.

"ಬ್ಯಾಡ್ರಿ. ಅವ ಆಫೀಸಿನಾಂವ ಅಲ್ಲ" ಎಂದಳು ಅವ್ವ.

"ನನಗ ಎಷ್ಟು ಮೆಮೊ ಬಂದಾವ? ಉತ್ತರ ಬರದೆ, ಚಹಾ ಕುಡದೆ, ಮುಗೀತು" ಎಂದರು ಅಪ್ಪ.

"ಪಗಾರ ಏನ್ ಕಡಿಮಿ ಮಾಡಾಂಗಿಲ್ಲಲ್ರಿ ವೈನಿ" ಎಂದು ಕುಲಕರ್ಣಿ ಕಾಕಾ ಸಮಾಧಾನ ಹೇಳಿದರು.

"ಒಂದು ಬಾಲಿಗೆ ಒಂದು ಕಾಗದವಾ ಮಾರಾಯ್ರೆ" ಎಂದರೂ ವಾಸುದೇವ ಮಾಮ ಸಹಿ ಹಾಕಿದರು. ಸದಾನಂದನ ಕಾಲು ಬೆಳಗಿನಿಂದಲೇ ಸೋತಿತ್ತೆಂದು ಹೇಳಬಹುದಾಗಿದ್ದವರು ಅವರೊಬ್ಬರೇ, ಹೇಳಲಿಲ್ಲ.

ಅಪ್ಪ ಹೇಳಿದಂತೆ ನಾನು ಬರೆದೆ. ‘ತಾವು ಎಡಗಡೆಯ ಚೆಂಡಿಗೆ ವಿಳಂಬವಾಗಿ ಎರಗಿದ್ದನ್ನು ಸಂಘವು ವಿಷಾದದಿಂದ ಗಮನಿಸಿದೆ. ಏಳು ದಿನಗಳೊಳಗಾಗಿ ವಿವರಣೆ ನೀಡತಕ್ಕದ್ದು.’ ಒತ್ತಕ್ಷರ ಒಂದೂ ತಪ್ಪಲಿಲ್ಲವೆಂದು ಅಪ್ಪ ಬೆನ್ನು ತಟ್ಟಿದರು. ಕೆಳಗೆ ಒಯ್ದು ಕೊಟ್ಟವಳೂ ನಾನೇ. ಸದಾನಂದ ಕೈ ಒರೆಸಿಕೊಂಡು ಎರಡು ಸಲ ಓದಿದ. ಹಂಚಿನ ಮೇಲಿನ ದೋಸೆ ಕರಿಯಾಯಿತು.

"ಇದು ನೀನೇ ಬರೆದದ್ದಾ?"

ನಾನು ಹೆಮ್ಮೆಯಿಂದ ತಲೆಯಾಡಿಸಿದೆ.

"ಅಕ್ಷರ ಚಂದ ಉಂಟು" ಎಂದ. ಕರಿಯಾದ ದೋಸೆಯನ್ನು ಕೆರೆದು ತೆಗೆದು, "ವಿವರಣೆ ಎಂತ ಬರೆಯುವುದು ಮಗಾ? ಬಾಲು ಒಳಗೆ ಹೋಯ್ತು" ಎಂದು ಕಾಗದ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಮುಂದಿನ ಭಾನುವಾರ ಗೋಲಿನಲ್ಲಿ ಬೇರೆ ಯಾರೋ ನಿಂತಿದ್ದರು. ಸದಾನಂದ ಗ್ಲೌಸುಗಳನ್ನು ತಂಡಕ್ಕೆ ತಿರುಗಿ ಕೊಟ್ಟಿದ್ದ. ಅಪ್ಪ ಆಟ ಬಿಟ್ಟು ಹೋಟೆಲಿಗೆ ಓಡಿದರು. ಹಿಂದೆ ನಾನೂ ಹೋದೆ.

"ತಮ್ಮಾ, ಅದು ಬರೇ ಕಾಗದ ಪಾ."

"ಹೌದು ಸಾರ್. ಆದರೆ ಐದೂ ಜನ ಸಹಿ ಹಾಕಿದ್ದೀರಿ" ಎಂದ ಅವನು, ಸಿಟ್ಟಿಲ್ಲದೆ. ಸಿಟ್ಟು ಮಾಡಿಕೊಂಡಿದ್ದರೆ ಅಪ್ಪ ರಮಿಸುತ್ತಿದ್ದರು. ಅಂದು ರಾತ್ರಿ ಮೆಮೊ ಹಿಂಪಡೆಯುವ ಪತ್ರವನ್ನು ನನಗೆ ಕೊಡದೆ ತಾವೇ ಬರೆದರು. ಮೂರು ಹಾಳೆ ಹರಿದರು. ಸದಾನಂದ ಅದನ್ನೂ ವಿನಯದಿಂದ ತೆಗೆದುಕೊಂಡ. ಎರಡು ತಿಂಗಳಲ್ಲಿ ಔರಂಗಾಬಾದಿನ ಹತ್ತಿರದ ಶೇಂದ್ರಾದ ಕಾರ್ಖಾನೆಯೊಂದರ ಕ್ಯಾಂಟೀನಿಗೆ ಕೆಲಸಕ್ಕೆ ಹೋದ. ಅಪ್ಪ ಸೋಮವಾರಗಳಂದು ಬ್ಯಾಂಕಿನಿಂದ ತಡವಾಗಿ ಬರತೊಡಗಿದರು.

ಕೆಲ ವರ್ಷಗಳ ಮೇಲೆ ಅಪ್ಪನಿಗೆ ಔರಂಗಾಬಾದಿಗೆ ವರ್ಗವಾಯಿತು. ತಾವೇ ಕೇಳಿ ಮಾಡಿಸಿಕೊಂಡರೆಂದು ಅವ್ವ ಬಹಳ ದಿನಗಳ ನಂತರ ಹೇಳಿದಳು. ಮೊದಲ ರಜೆಯಲ್ಲೇ ನನ್ನನ್ನು ಕರೆದುಕೊಂಡು ಶೇಂದ್ರಾಕ್ಕೆ ಹೋದರು. ಸದಾನಂದ ದಪ್ಪಗಾಗಿದ್ದ. ಚಹಾ ಕೊಟ್ಟ, ನನ್ನ ಕಾಲೇಜು ಕೇಳಿದ.

"ಇಲ್ಲೆ ಹುಡುಗರು ಆಡ್ತಾರಂತಲ್ಲ. ನೀ ಗೋಲಿನಾಗ ನಿಂತರ ನಾ ಪ್ರತಿ ವಾರ ಬರ್ತೀನಿ" ಎಂದರು ಅಪ್ಪ. ಇಷ್ಟು ಕೆಳದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಸದಾನಂದ ಖಾಲಿ ಗ್ಲಾಸುಗಳನ್ನು ಒಂದರೊಳಗೊಂದು ಇಟ್ಟ. "ನೀವು ಬೇಜಾರು ಮಾಡ್ಕೊಳ್ಬೇಡಿ ಸಾರ್. ಆ ದಿನ ತಡ ಆದದ್ದು ಹೌದೇ" ಎಂದ.

ಅಪ್ಪ ಮೂರು ವರ್ಷ ಆ ಊರಿನಲ್ಲಿದ್ದರು. ಸದಾನಂದ ಮತ್ತೆ ಯಾವ ಗೋಲಿನ ಮುಂದೆಯೂ ನಿಲ್ಲಲಿಲ್ಲ.