ಅಂಗಾಲು ನೋಡುವವರು ಬೇಕಾಗಿದ್ದಾರೆ

ಗೆಳೆಯರೇ, ಇವತ್ತು ಕುಂದಾಪುರದಲ್ಲಿ ಸಕ್ಕರೆ ಕಾಯಿಲೆಯವರ ಪಾದ ತಪಾಸಣೆಗೆ ಹೋಗಿದ್ದೆ. ನರ್ಸಮ್ಮ ನನ್ನ ಅಂಗಾಲಿನಿಂದ ಒಂದು ಗುಂಡುಸೂಜಿ ಕಿತ್ತು ತೋರಿಸಿದರು. ನಾನು ದರ್ಜಿ, ಅಂಗಡಿಯಲ್ಲಿ ಸೂಜಿ ಬೀಳುವುದು ಸಹಜ. ಆದರೆ ಕಾಯಿಲೆಯಿಂದ ಪಾದ ಮರಗಟ್ಟಿ, ಇದು ಯಾವಾಗ ಚುಚ್ಚಿತೋ ನನಗೆ ಗೊತ್ತೇ ಆಗಿರಲಿಲ್ಲ.

“ದಿನಾ ಅಂಗಾಲ್ ಕಾಂತ್ರ್ಯಾ?” ದಿನವೂ ನೋಡಿಕೊಳ್ಳುತ್ತೇನೆಯೇ ಎಂದು ಕೇಳಿದರು.

“ಬಗ್ಗುಕೆ ಆತಿಲ್ಲೆ. ಕಣ್ಣೂ ಮಂಜು.”

“ಹಾಂಗಾರೆ ಮನೆಯಂಗೆ ಯಾರ್ ಹತ್ರಾದ್ರೂ ಕಾಂಬುಕೆ ಹೇಳಿ ಮಾರಾಯ್ರೆ!”

ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಅದನ್ನು ಹೇಳಲು ಯಾಕೋ ನಾಚಿಕೆಯಾಗಿ, “ಆಯ್ತ್” ಎಂದು ಪಟ್ಟಿ ಕಟ್ಟಿಸಿಕೊಂಡು ಬಂದೆ.

ಸಂಜೆ ತಲ್ಲೂರಿನ ಅಂಗಡಿಯ ಬಾಗಿಲು ಹಾಕಿದ ಮೇಲೆ ಮತ್ತೆ ಹೆದರಿಕೆ ಶುರುವಾಯಿತು. ತಪಾಸಣೆಯಿಂದ ಬಂದ ಮೇಲೆ ಅಂಗಡಿಯಲ್ಲೇ ಓಡಾಡಿದ್ದೆ, ಇನ್ನೊಂದು ಕಾಲಿಗೂ ಚುಚ್ಚಿದ್ದರೆ? ಮೊಬೈಲಿನಲ್ಲಿ ಆ ಅಂಗಾಲಿನ ಫೋಟೋ ತೆಗೆದು, “ಎಂತಾರೂ ಗಾಯ ಇತ್ತಾ ಕಾಣಿ” ಎಂದು ಬರೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ.

ಮುಂಬೈಯಲ್ಲಿರುವ ತಮ್ಮ ಕೈಮುಗಿದ ಚಿತ್ರ ಹಾಕಿದ. ಅತ್ತಿಗೆ ಗುಲಾಬಿ ಹೂ ಕಳಿಸಿದರು. ಭಾವ “ಶುಭ ಸಂಜೆ” ಎಂದರು. ಅಂತೂ ಪಾದಕ್ಕೆ ಪೂಜೆಯಾಯಿತು, ನೋಡಿದವರು ಮಾತ್ರ ಯಾರೂ ಇಲ್ಲ.

ಅದೇ ಫೋಟೋವನ್ನು ಇಲ್ಲಿ ಹಾಕಿದ್ದೇನೆ. ದಯವಿಟ್ಟು ಲೈಕ್ ಒತ್ತಿ ಹೋಗಬೇಡಿ. ಸ್ವಲ್ಪ ದೊಡ್ಡದು ಮಾಡಿ ನೋಡಿ, ಎಲ್ಲಿಯಾದರೂ ಕೆಂಪಾಗಿದ್ದರೆ ಹೇಳಿ.