ಮೂವತ್ತಮೂರು ಸುತ್ತು

ನಿನ್ನೆ ಹಂಪನಕಟ್ಟೆಯ ಅಂಗಡಿಯಲ್ಲಿ ರಿಪೇರಿಯವರ ಮೇಲೆ ರೇಗಿದ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಅಪ್ಪನ ಹಳೆಯ ರೆಕಾರ್ಡ್ ಪ್ಲೇಯರ್ ಒಮ್ಮೆ ಓಡಿ ಒಮ್ಮೆ ತೆವಳುತ್ತಿತ್ತು. ಅವರು ಹೊಸ ಬೆಲ್ಟ್ ಹಾಕಿಕೊಟ್ಟರು. ಈಗ ಹಾಡೆಲ್ಲ ಎಳೆದೆಳೆದು ಜೋಗುಳ.

"ಎಂತ ಮಾರಾಯ್ರೆ, ಗಾಯಕಿಗೆ ಜ್ವರವಾ? ತಟ್ಟೆ ಸುತ್ತಬೇಕು, ನನ್ನನ್ನು ಸುತ್ತಿಸಬಾರದು."

"ಮೊಬೈಲಿನಲ್ಲಿ ಅಳೆದದ್ದು ಸಾರ್. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ಸರಿಯಾಗಿ ಉಂಟು."

ನನಗೇ ಪಾಠ ಹೇಳುವುದೇ! ಜೆಪ್ಪುವಿನ ಮನೆಯಲ್ಲಿ ಅಪ್ಪ ರೆಕಾರ್ಡಿನಡಿ ಕಾಗದದ ಚೂರು ಸಿಕ್ಕಿಸಿ, ಕೈಗಡಿಯಾರ ನೋಡುತ್ತ, "ಸುತ್ತು ಎಣಿಸು ಮಗಾ" ಎನ್ನುತ್ತಿದ್ದರು. ನಾನು "ಮೂವತ್ತಮೂರು" ಎನ್ನುವವರೆಗೂ ವೇಗದ ಸ್ಕ್ರೂ ತಿರುಗಿಸುತ್ತಿದ್ದರು. ಹಾಗೆ ಪಳಗಿದ ಕಿವಿ ತಪ್ಪುವುದಿಲ್ಲ ಎಂದು ಅಂಗಡಿಯಲ್ಲೆಲ್ಲ ಸಾರಿ ಬಂದೆ.

ಮನೆಯಲ್ಲಿ ನಾನೂ ಅಳೆದೆ. ರಿಪೇರಿಯವರದ್ದೇ ಸರಿ. ಅಪ್ಪನಿಗೆ ಕೊನೆಗೂ ಹೇಳದ್ದನ್ನು ಇಲ್ಲಿ ಹೇಳುತ್ತೇನೆ: ಆಡಲು ಓಡುವ ಆತುರದಲ್ಲಿ, ಹಾಡು ಕೊಂಚ ಚುರುಕಾದ ಕೂಡಲೇ "ಮೂವತ್ತಮೂರು" ಎಂದುಬಿಡುತ್ತಿದ್ದೆ. ಆ ಹಾಡು ಅಳತೆಗಿಂತ ಬೇಗ ಓಡುತ್ತಿತ್ತು; ನನ್ನ ಕಿವಿ ಪಳಗಿದ್ದು ಅದಕ್ಕೇ. ಒಂದು ದಿನವೂ ಎಣಿಸಿದವನಲ್ಲ.